ನಮ್ಮೂರಲ್ಲಿ ಮೊಬೈಲ್ ಕಳುವಾಗಲ್ಲ, ಬರೀ 'ಕಳೆದುಹೋಗುತ್ತೆ'

ದಾವಣಗೆರೆ ಸೇಫ್ ಅಂತ ನಾವೆಲ್ಲ ಹೇಳ್ತೀವಿ. ಬೆಂಗಳೂರಿಂದ ಬಂದ ಕ್ಲಾಸ್‌ಮೇಟ್‌ಗಳ ಮುಂದೆ ಬೆಣ್ಣೆ ದೋಸೆ ಬಿಟ್ಟರೆ ನಾವು ಕೊಚ್ಚಿಕೊಳ್ಳೋದು ಇದನ್ನೇ. ಆದರೆ ಹಾಸ್ಟೆಲ್‌ನಲ್ಲಿ ಒಂದ್ಸಲ ಕೇಳಿ ನೋಡಿ. ಬಸ್ಸಲ್ಲಿ ಜೇಬಿನಿಂದ ಎಗರಿಸಿದ ಫೋನು, ಬೈಕಲ್ಲಿ ಬಂದವರು ಕೈಯಿಂದಲೇ ಕಿತ್ಕೊಂಡ ಫೋನು, ಎಲ್ಲಕ್ಕೂ ನಮ್ಮಲ್ಲಿ ಮದ್ದು ಒಂದೇ: ಇ-ಲಾಸ್ಟ್ ಆಪ್‌ನಲ್ಲಿ 'ಕಳೆದುಹೋಗಿದೆ' ಅಂತ ಹಾಕಿ, ಸಿಗೋ ರಸೀದಿ ತೋರಿಸಿ ಹೊಸ ಸಿಮ್ ತಗೊಳ್ಳೋದು. ಸ್ಟೇಷನ್‌ಗೆ ಹೋದರೂ ಕೆಲವೊಮ್ಮೆ ಸಿಗೋ ಸಲಹೆ ಅದೇ. ಇಂಟರ್ನಲ್ಸ್ ಹತ್ತಿರ ಇರುವಾಗ ಕೋರ್ಟು-ಕಚೇರಿ ಯಾರಿಗೆ ಬೇಕು ಹೇಳಿ!

ಆ ಆಪ್ ಇರೋದು ಎಲ್ಲೋ ಬಿದ್ದುಹೋದ, ಮರೆತು ಬಿಟ್ಟುಬಂದ ವಸ್ತುಗಳಿಗೆ. ಕ್ರೈಮ್ ರೇಟ್ ಅಂದರೆ ಒಂದು ಲಕ್ಷ ಜನರಿಗೆ ಎಷ್ಟು ಕೇಸ್ ದಾಖಲಾದವು ಅನ್ನೋ ಲೆಕ್ಕ, ಎಷ್ಟು ಅಪರಾಧ ನಡೆದವು ಅನ್ನೋದಲ್ಲ. ಸೆನ್ಸರ್ ಆಫ್ ಮಾಡಿ ರೀಡಿಂಗ್ ಸೊನ್ನೆ ಬಂತು ಅಂದರೆ ಲ್ಯಾಬಲ್ಲಿ ಯಾರಾದ್ರೂ ಸೈನ್ ಹಾಕ್ತಾರಾ? ಲೆಕ್ಕದಲ್ಲೇ ಇಲ್ಲದ ಕಳ್ಳತನ ತೋರಿಸಿ ಆ ರಸ್ತೆಗೆ ಗಸ್ತು ಕೊಡಿ, ಬೀದಿದೀಪ ಹಾಕಿ ಅಂತ ಕೇಳೋದು ಹೇಗೆ? ರಾತ್ರಿ ಎಂಟರ ಮೇಲೆ ಅಲ್ಲಿ ಒಬ್ಬರೇ ನಡೆಯೋಕೆ ಹೆದರೋ ನಮ್ಮ ಹುಡುಗಿಯರ ಭಯವಂತೂ ಯಾವ ಪಟ್ಟಿಯಲ್ಲೂ ಬರಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ಕೊಂಡು ಓಡೋದಕ್ಕೆ ಅಂತಲೇ 304ನೇ ಸೆಕ್ಷನ್ ಇದೆ, 3 ವರ್ಷದವರೆಗೆ ಜೈಲು. ದೂರನ್ನು ಯಾವ ಸ್ಟೇಷನ್‌ನಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ. ಒಬ್ಬರೇ ಹೋಗೋಕೆ ಮುಜುಗರ ಅಂದರೆ ರೂಮ್‌ಮೇಟ್‌ನ ಕರ್ಕೊಂಡು ಹೋಗಿ. ದೂರಿನಲ್ಲಿ ಮಾತ್ರ 'ಕಿತ್ಕೊಂಡು ಹೋದರು' ಅಂತಲೇ ಬರೀರಿ.