ಶಿಶಿರೋಪಚಾರವೂ ಟ್ಯಾಂಗೊ ಕುಣಿತವೂ

ವಿರಹದ ಬೇಗೆಗೆ ನಮ್ಮ ಹಳೆಯ ಕವಿಗಳು ಬರೆದುಕೊಟ್ಟ ಔಷಧದ ಚೀಟಿ ಬಹಳ ಉದ್ದವಾದುದು. ತಾವರೆಯೆಲೆಯ ಹಾಸಿಗೆ, ಶ್ರೀಗಂಧದ ಲೇಪ, ಕರ್ಪೂರದ ಪುಡಿ, ಬಾಳೆಯೆಲೆಯ ಬೀಸಣಿಗೆ – ಇವೆಲ್ಲವೂ ಸೇರಿ ಶಿಶಿರೋಪಚಾರವೆಂದು ಹೆಸರು. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಿ ಪುಂಡರೀಕನಿಗೆ ಅವನ ಗೆಳೆಯ ಕಪಿಂಜಲನು ಇಂಥ ಉಪಚಾರವನ್ನು ನಿಷ್ಠೆಯಿಂದ ಮಾಡುತ್ತಾನೆ. ಫಲ ಮಾತ್ರ ಸೊನ್ನೆ. ಚಂದ್ರನು ಮೇಲೇರಿದ ಆ ರಾತ್ರಿಯೇ ರೋಗಿ ತೀರಿಕೊಳ್ಳುತ್ತಾನೆ. ಕೆಲವು ವರ್ಷಗಳ ಹಿಂದೆ ಬಿ.ಎಸ್‌ಸಿ. ತರಗತಿಗೆ ನಾನು ಈ ಭಾಗವನ್ನು ಪಾಠ ಹೇಳುತ್ತಿದ್ದಾಗ ಕೊನೆಯ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಇದರಿಂದ ಯಾರಿಗಾದರೂ ಗುಣವಾದದ್ದುಂಟೆ, ಸಾರ್?” ಎಂದು ಕೇಳಿದನು. ತರಗತಿ ನಕ್ಕಿತು, ನಾನೂ ನಕ್ಕೆ. ಉತ್ತರ ಹೇಳಿದ ನೆನಪಿಲ್ಲ.

ಆ ಪ್ರಶ್ನೆಯನ್ನು ಕೇಳಿದವನೇ ಮುಂದೊಂದು ದಿನ ರೋಗಿಯಾಗಿ ನನ್ನ ಮನೆಗೆ ಬಂದನು. ಐದು ವರ್ಷ ಪ್ರೀತಿಸಿದ ಹುಡುಗಿ ಬೇರೊಬ್ಬನನ್ನು ವರಿಸಲು ತಾನಾಗಿಯೇ ಒಪ್ಪಿದ್ದಳು. ಯಾರ ಬಲವಂತವೂ ಇರಲಿಲ್ಲ. ಅವನನ್ನು ಹೆಚ್ಚು ನೋಯಿಸಿದ್ದು ಅದೇ. ದೂರುವುದಕ್ಕೆ ಕಥೆಯಲ್ಲಿ ಒಬ್ಬ ಖಳನೂ ಇಲ್ಲ! ಊಟ ಸೇರದು, ನಿದ್ರೆ ಬಾರದು, ಸ್ನೇಹಿತರು ಬೇಡ. “ನೀವು ಹೇಳಿದರೆ ಕೇಳುತ್ತಾನೆ” ಎಂದು ಅವನ ತಾಯಿಯೇ ಅವನನ್ನು ನನ್ನಲ್ಲಿಗೆ ಕಳುಹಿಸಿದ್ದರು. ನಾನು ಹೇಳಿದ್ದಾದರೂ ಏನು? ಕಾಲವೇ ಮದ್ದು, ಮರೆತುಬಿಡು, ಓದು, ಇಗೋ ಈ ಪುಸ್ತಕ ತೆಗೆದುಕೊ. ಅವನು ಪುಸ್ತಕವನ್ನು ತೆಗೆದುಕೊಂಡು ಹೋದನು. ಹದಿನೈದು ದಿನಗಳ ಮೇಲೆ ತಂದುಕೊಟ್ಟನು. ನಾನು ಗುರುತಿಗೆಂದು ಇಟ್ಟಿದ್ದ ಬಸ್ ಟಿಕೆಟ್ಟು ಅದೇ ಪುಟದಲ್ಲಿ ಹಾಗೆಯೇ ಇತ್ತು. ಕಪಿಂಜಲನ ಗಂಧಕ್ಕಿಂತ ನನ್ನ ಉಪದೇಶ ಮೇಲೇನೂ ಆಗಿರಲಿಲ್ಲ.

ಅಷ್ಟರಲ್ಲಿ ಅವನ ಕಂಪನಿಯವರು ಅರ್ಜೆಂಟೀನದ ರಾಜಧಾನಿ ಬ್ಯೂನಸ್ ಐರಿಸ್ ನಗರಕ್ಕೆ ಒಬ್ಬನನ್ನು ಕಳುಹಿಸಬೇಕಾಗಿ ಬಂದಿತು. ನಮಗೂ ಅಲ್ಲಿಗೂ ಗಡಿಯಾರದಲ್ಲಿ ಎಂಟೂವರೆ ಗಂಟೆಗಳ ಅಂತರ. ಆ ಅಂತರಕ್ಕಾಗಿಯೇ ಅವನು ಒಪ್ಪಿಕೊಂಡನೆಂದು ನನ್ನ ಊಹೆ. ಮೊದಲ ಆರು ತಿಂಗಳು ಅವನ ಓಲೆಗಳಲ್ಲಿ – ಓಲೆಯೆಂದರೆ ಇ-ಮೇಲೇ – ಹವಾಮಾನದ ಹೊರತು ಬೇರೆ ಸಮಾಚಾರವಿರಲಿಲ್ಲ. ಆಮೇಲೆ ಒಂದು ದಿನ ಎರಡೇ ಸಾಲು ಬಂದಿತು: “ಗುರುಗಳೇ, ಇಲ್ಲಿ ಟ್ಯಾಂಗೊ ಕಲಿಯಲು ಸೇರಿದ್ದೇನೆ. ದಯವಿಟ್ಟು ಅಮ್ಮನಿಗೆ ಹೇಳಬೇಡಿ.”

ಟ್ಯಾಂಗೊ ಎಂದರೆ ಹಲ್ಲಿನ ನಡುವೆ ಗುಲಾಬಿ ಕಚ್ಚಿಕೊಂಡು ಸಿನಿಮಾದಲ್ಲಿ ಕುಣಿಯುವ ಕುಣಿತವೆಂದಷ್ಟೇ ನಾನು ತಿಳಿದಿದ್ದೆ. ಹುಡುಗ ದುಃಖವನ್ನು ಮರೆಯುವುದಕ್ಕೆ ಗದ್ದಲವನ್ನು ಹುಡುಕಿಕೊಂಡಿರಬೇಕು ಎಂದುಕೊಂಡೆ. ಅವನ ಓಲೆಗಳನ್ನು ಓದುತ್ತ, ಅವನು ಹೆಸರಿಸಿದ ಪುಸ್ತಕಗಳನ್ನು ತರಿಸಿಕೊಳ್ಳುತ್ತ ಹೋದಂತೆ ನನ್ನ ಎಣಿಕೆ ತಲೆಕೆಳಗಾಯಿತು. ಅದು ದುಃಖವನ್ನು ಮರೆಸುವ ಕಲೆಯೇ ಅಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಾ ಪ್ಲಾತಾ ನದಿಯ ಎರಡು ದಡಗಳಲ್ಲಿ, ಅಂದರೆ ಇತ್ತ ಬ್ಯೂನಸ್ ಐರಿಸ್, ಅತ್ತ ಉರುಗ್ವೆಯ ಮಾಂಟೆವಿಡಿಯೊ ನಗರಗಳಲ್ಲಿ, ಈ ಕುಣಿತ ಹುಟ್ಟಿತು. ಹಡಗುಗಳಲ್ಲಿ ಬಂದಿಳಿದ ಇಟಲಿ, ಸ್ಪೇನ್ ದೇಶಗಳ ಬಡವರು, ಅಲ್ಲಿಯೇ ನೆಲಸಿದ್ದ ಆಫ್ರಿಕ ಮೂಲದವರು, ಹುಲ್ಲುಗಾವಲಿನಿಂದ ಪಟ್ಟಣಕ್ಕೆ ಬಂದ ದನಗಾಹಿಗಳು – ಇವರೆಲ್ಲರ ತಾಳಗಳು ವಠಾರಗಳಲ್ಲಿಯೂ ಬಂದರಿನ ಕೇರಿಗಳಲ್ಲಿಯೂ ಕಲಸಿಹೋದುವು. 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರಿಸ್‌ನ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪರದೇಶದಲ್ಲಿ ಹುಟ್ಟಿದವರು; ಅವರಲ್ಲಿಯೂ ಗಂಡಸರೇ ಹೆಚ್ಚು. ತಾಯಿ, ಹೆಂಡತಿ, ಪ್ರೇಯಸಿ – ಯಾರನ್ನಾದರೂ ಕಡಲಾಚೆ ಬಿಟ್ಟುಬರದವರು ಅಪರೂಪ. ಅವರಿಗೆ ತಕ್ಕ ವಾದ್ಯವೂ ಅವರಂತೆಯೇ ಹಡಗಿನಲ್ಲಿ ಬಂದಿತು. ಜರ್ಮನಿಯ ಬಾಂಡೋನಿಯನ್, ನಮ್ಮ ಹಾರ್ಮೋನಿಯಮ್ಮಿನ ದೂರದ ದಾಯಾದಿ. ತಿದಿಯನ್ನು ಎಳೆದಾಗ ಒಂದು ಸ್ವರ, ಒತ್ತಿದಾಗ ಅದೇ ಗುಂಡಿಯಲ್ಲಿ ಮತ್ತೊಂದು. ಕೇಳಿದರೆ ಯಾರೋ ಪಕ್ಕದ ಕೋಣೆಯಲ್ಲಿ ನಿಟ್ಟುಸಿರು ಬಿಟ್ಟಂತಿರುತ್ತದೆ.

1917ರಲ್ಲಿ ಕಾರ್ಲೊಸ್ ಗಾರ್ದೆಲ್ ಎಂಬ ಗಾಯಕನು ‘ನನ್ನ ದುಃಖದ ರಾತ್ರಿ’ ಎಂಬ ಅರ್ಥದ ಹೆಸರುಳ್ಳ ಹಾಡನ್ನು ಧ್ವನಿಮುದ್ರಿಸಿದನು. ಪ್ರೇಯಸಿ ಬಿಟ್ಟುಹೋದ ಮೇಲೆ ಕೋಣೆಯಲ್ಲಿ ಒಂಟಿಯಾಗಿ ಉಳಿದವನ ಅಳಲು ಅದು. ಟ್ಯಾಂಗೊ ಗೀತೆಯ ಪರಂಪರೆ ಅಲ್ಲಿಂದ ಮೊದಲಾಯಿತೆಂದು ಬಲ್ಲವರು ಹೇಳುತ್ತಾರೆ. ಗಾರ್ದೆಲ್ 1935ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡನು. ಅವನ ಕಂಠ ಇಂದಿಗೂ ಆ ಊರಿನಲ್ಲಿ ಕೇಳಿಬರುತ್ತದೆ. ನಮ್ಮ ಹುಡುಗನಿಗೆ ಮೊದಲು ಸಮಾಧಾನ ತಂದುದು ಇದೇ. ಇಲ್ಲಿ ನಾವು “ಗಂಡಸಾಗಿ ಇಷ್ಟಕ್ಕೆಲ್ಲ ಅಳುವುದೆ?” ಎಂದು ಅವನ ದುಃಖವನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದೆವು. ಅಲ್ಲಿ ನೋಡಿದರೆ ಬಿಟ್ಟುಹೋದವಳ ಹಾಡನ್ನು ನರೆತಲೆಯ ಟ್ಯಾಕ್ಸಿ ಚಾಲಕನು ನಾಚಿಕೆಯಿಲ್ಲದೆ ಗುನುಗುತ್ತ ಗಾಡಿ ನಡೆಸುತ್ತಾನಂತೆ!

ಇನ್ನು ಪಾಠದ ವಿಷಯ. ಮೊದಲ ತಿಂಗಳು ಕುಣಿಸುವುದೇ ಇಲ್ಲ, ನಡೆಸುತ್ತಾರೆ. ಎದೆಯನ್ನು ಮುಂದಿಟ್ಟು, ಪೂರ್ತಿ ಭಾರವನ್ನು ಒಂದು ಕಾಲಿನ ಮೇಲೆ ತಂದು ನಿಂತು, ಆಮೇಲೆ ಇನ್ನೊಂದು ಕಾಲು. “ನಿನ್ನ ಭಾರವನ್ನು ನೀನೇ ಹೊತ್ತುಕೊ; ಅವಳ ಮೇಲೆ ಹಾಕಬೇಡ” ಎಂದು ಅವನ ಶಿಕ್ಷಕಿ ದಿನವೂ ಗದರುತ್ತಿದ್ದಳಂತೆ. ಜೋಡಿ ಎಷ್ಟೇ ಹತ್ತಿರ ನಿಂತಿರಲಿ, ತಬ್ಬುಗೆ ಸಡಿಲಿದರೆ ಇಬ್ಬರೂ ತಮ್ಮ ತಮ್ಮ ಕಾಲಿನ ಮೇಲೆ ನಿಂತಿರಬೇಕು, ಬೀಳಬಾರದು. ಹೆಜ್ಜೆಗಳ ಪಟ್ಟಿಯನ್ನು ಬಾಯಿಪಾಠ ಮಾಡುವಂತಿಲ್ಲ. ಮುಂದಿನ ಹೆಜ್ಜೆ ಎತ್ತ ಎಂಬುದನ್ನು ಆಗಿಂದಾಗಲೇ ಒಬ್ಬರು ಸೂಚಿಸಬೇಕು, ಮತ್ತೊಬ್ಬರು ಆಲಿಸಬೇಕು. ಹೆಂಗಸರು ವಿರಳವಾಗಿದ್ದ ಆ ಹಿಂದಿನ ಕಾಲದಲ್ಲಿ ಗಂಡಸರು ಗಂಡಸರೊಡನೆಯೇ ಅಭ್ಯಾಸ ಮಾಡುತ್ತಿದ್ದರು. ಹೊಸಬನು ಮೊದಲು ಹೆಣ್ಣಿನ ಹೆಜ್ಜೆಯನ್ನು ಕಲಿಯಬೇಕಾಗಿತ್ತು. ನಮ್ಮವನಿಗೂ ಅವನ ಶಿಕ್ಷಕಿ ಆ ಪಾಠವನ್ನು ತಪ್ಪಿಸಲಿಲ್ಲ. “ಐದು ವರ್ಷ ಅವಳು ಏನು ಹೇಳುತ್ತಿದ್ದಳೆಂದು ನಾನು ಎಷ್ಟು ಸಲ ಆಲಿಸಿದ್ದೆನೋ ತಿಳಿಯದು, ಸಾರ್” ಎಂದು ಆ ವಾರದ ಓಲೆಯಲ್ಲಿತ್ತು. ನಾನು ಅದಕ್ಕೆ ಉತ್ತರ ಬರೆಯಲು ಕುಳಿತು, ನನ್ನ ಮನೆಯಾಕೆಯ ಕಡೆ ಒಮ್ಮೆ ನೋಡಿ, ಬರೆಯದೆ ಎದ್ದೆ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡುದು ಅವರ ಆಹ್ವಾನದ ಪದ್ಧತಿ. ಕುಣಿತದ ಕೂಟಕ್ಕೆ ಮಿಲೊಂಗ ಎಂದು ಹೆಸರು. ಹಳೆಯ ಸಂಪ್ರದಾಯದ ಕೂಟಗಳಲ್ಲಿ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ ಕುಳಿತಿರುತ್ತಾರೆ. ಯಾರೂ ಎದ್ದುಹೋಗಿ “ಕುಣಿಯಲು ಬರುವಿರಾ?” ಎಂದು ಕೇಳುವುದಿಲ್ಲ. ದೂರದಿಂದಲೇ ನೋಟ ಕೂಡಬೇಕು. ಕೂಡಿದರೆ ಅವನು ತಲೆಯನ್ನು ತುಸು ಆಡಿಸುತ್ತಾನೆ. ಒಪ್ಪಿಗೆಯಿದ್ದರೆ ಅವಳೂ ಆಡಿಸುತ್ತಾಳೆ. ಮನಸ್ಸಿಲ್ಲದಿದ್ದರೆ ಅವಳ ದೃಷ್ಟಿ ಮೆಲ್ಲನೆ ಬೇರೆ ಕಡೆ ಸರಿಯುತ್ತದೆ. ಇಷ್ಟೇ. ಕೇಳಿದ್ದೂ ಯಾರಿಗೂ ತಿಳಿಯಲಿಲ್ಲ, ನಿರಾಕರಿಸಿದ್ದೂ ತಿಳಿಯಲಿಲ್ಲ. ಮೊದಮೊದಲು ನಮ್ಮ ಹುಡುಗನಿಗೆ ಪ್ರತಿಯೊಂದು ಸರಿದ ದೃಷ್ಟಿಯೂ ಹಳೆಯ ಗಾಯವನ್ನು ಕೆದಕುತ್ತಿತ್ತು. ಒಂದು ರಾತ್ರಿ ಏಳು ಸಲ ಹಾಗಾಗಿ, ಎಂಟನೆಯದಕ್ಕೆ ಕಾಯದೆ ಮನೆಗೆ ಹೋದನಂತೆ. ಆದರೆ ಅದೇ ಹೆಂಗಸರು ಮುಂದಿನ ವಾರ ತಾವಾಗಿಯೇ ಅವನತ್ತ ನೋಡಿದರು. ಬಹುಶಃ ಹಿಂದಿನ ವಾರ ಕಾಲು ನೋಯುತ್ತಿದ್ದಿರಬಹುದು. ಆ ಹಾಡು ಹಿಡಿಸದಿದ್ದಿರಬಹುದು. ಇವನು ಕಾಲು ತುಳಿಯುತ್ತಾನೆಂಬ ಭಯವೂ ಇದ್ದಿರಬಹುದು. ಬೇಡವೆಂಬ ಮಾತು ತನ್ನ ಇಡೀ ಬಾಳಿನ ಮೇಲೆ ಬರೆದ ತೀರ್ಪಲ್ಲ ಎಂಬುದನ್ನು ನಾನು ಒಂದು ಸಂಜೆಯೆಲ್ಲ ಹೇಳಿದರೂ ಅವನು ನಂಬಿರಲಿಲ್ಲ.

ಒಪ್ಪಿ ಎದ್ದ ಜೋಡಿ ಕುಣಿಯುವುದು ಮೂರು ಅಥವಾ ನಾಲ್ಕು ಹಾಡು. ಸುಮಾರು ಹತ್ತು ಹನ್ನೆರಡು ನಿಮಿಷ. ಈ ಕಂತಿಗೆ ತಾಂಡ ಎನ್ನುತ್ತಾರೆ. ಅದು ಮುಗಿದೊಡನೆ ಟ್ಯಾಂಗೊ ಅಲ್ಲದ ಯಾವುದೋ ತುಣುಕು ಸಂಗೀತವನ್ನು ನುಡಿಸುತ್ತಾರೆ. ಅದರ ಹೆಸರಿನ ಅರ್ಥವೇ ‘ತೆರೆ’. ತೆರೆ ಬಿದ್ದಮೇಲೆ ತಬ್ಬುಗೆ ಬಿಡಬೇಕು. ಗಂಡಸು ಹೆಂಗಸನ್ನು ಅವಳ ಕುರ್ಚಿಯವರೆಗೆ ಬಿಟ್ಟು, ವಂದಿಸಿ ಬರಬೇಕು. ಎಷ್ಟೇ ಚೆನ್ನಾಗಿ ಕುಣಿದಿರಲಿ, ಅಂಟಿಕೊಂಡು ನಿಲ್ಲುವಂತಿಲ್ಲ. ಒಂದು ರಾತ್ರಿಗೆ ಹತ್ತು ಸಲ ಹತ್ತಿರವಾಗುವುದು, ಹತ್ತು ಸಲ ಬೀಳ್ಕೊಡುವುದು! ನಮ್ಮಲ್ಲಿ ಅಗಲಿಕೆ ಒಮ್ಮೆಲೇ, ಸಿದ್ಧತೆಯಿಲ್ಲದೆ, ತಲೆಯ ಮೇಲೆ ಬೀಳುತ್ತದೆ. ಅದನ್ನು ಸಂಗೀತದ ಪಾಠದಂತೆ ದಿನವೂ ಅಭ್ಯಾಸ ಮಾಡಬಹುದೆಂಬುದು ನನಗೆ ಹೊಸ ಸಂಗತಿ.

ಈ ಮಾತು ಓದುತ್ತಿರುವ ಕೆಲವು ತಾಯಂದಿರು ಹುಬ್ಬು ಗಂಟಿಕ್ಕಿರಬಹುದು: ಪರಿಚಯವಿಲ್ಲದವರನ್ನು ತಬ್ಬುವುದೆಂದರೇನು? ನಾನೂ ಇದನ್ನೇ, ಸ್ವಲ್ಪ ಬಳಸಿ, ಕೇಳಿದ್ದೆ. “ಇಲ್ಲಿ ಎಪ್ಪತ್ತು ದಾಟಿದ ಅಜ್ಜಿಯರೇ ನನ್ನೊಡನೆ ಹೆಚ್ಚು ಕುಣಿಯುವವರು, ಸಾರ್. ಇಲ್ಲಿಗೆ ಬಂದ ಮೇಲೆ ಆರು ತಿಂಗಳು ಯಾರೂ ನನ್ನ ಭುಜದ ಮೇಲೆ ಒಂದು ಕೈಯನ್ನೂ ಇಟ್ಟಿರಲಿಲ್ಲ” ಎಂದು ಉತ್ತರ ಬಂದಿತು. ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.

ವೈದ್ಯವಿಜ್ಞಾನದವರೂ ಇದನ್ನು ಕಡೆಗಣಿಸಿಲ್ಲ. ಪಾರ್ಕಿನ್ಸನ್ ರೋಗಿಗಳ ಸಮತೋಲ ಟ್ಯಾಂಗೊ ಅಭ್ಯಾಸದಿಂದ ಸುಧಾರಿಸುವುದನ್ನು ಅಮೆರಿಕದ ಸಂಶೋಧಕರು ಕಂಡಿದ್ದಾರೆ. ಖಿನ್ನತೆಯಿಂದ ಬಳಲುವವರಿಗೆ ಟ್ಯಾಂಗೊ ಕಲಿಸಿ, ಧ್ಯಾನ ಮಾಡಿದವರೊಡನೆ ಹೋಲಿಸಿ ನೋಡಿದ ಆಸ್ಟ್ರೇಲಿಯದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎರಡು ಗುಂಪಿನವರಿಗೂ ಪ್ರಯೋಜನ ಕಂಡಿತು. ಹಾಗೆಂದು ಊಟ ನಿದ್ರೆ ಬಿಟ್ಟು ಕುಳಿತ ಮಕ್ಕಳನ್ನು ವೈದ್ಯರ ಬಳಿಗೆ ಕರೆದೊಯ್ಯದೆ ನೃತ್ಯಶಾಲೆಗೆ ಅಟ್ಟಬೇಡಿ. ಅಲ್ಲಿಯೂ ಹೊಸದಾಗಿ ಹೃದಯ ಒಡೆದುಕೊಂಡವರು ಬೇಕಾದಷ್ಟಿದ್ದಾರಂತೆ.

ಗುಣವಾಗುವ ದಾರಿ ನೇರವಾಗಿಯೂ ಇರಲಿಲ್ಲ. ಎರಡನೆಯ ವರ್ಷ, ಅವಳಿಗೆ ಮಗುವಾಯಿತೆಂಬ ಸುದ್ದಿ ಬಂದ ರಾತ್ರಿ ಅವನು ಕೂಟಕ್ಕೆ ಹೋಗಿದ್ದನು. ಮೂರನೆಯ ಹಾಡಿನ ನಡುವೆ ಕಣ್ಣು ತುಂಬಿ ಬಂದಿತು. ಜೊತೆಯಲ್ಲಿದ್ದ ವೃದ್ಧೆ ನಿಲ್ಲಲಿಲ್ಲ, ಏನೆಂದು ಕೇಳಲೂ ಇಲ್ಲ. ಇವನ ಹೆಜ್ಜೆ ತಡೆದಾಗ ತಾನೂ ತಡೆದು, ಇವನು ಮುಂದಿಟ್ಟಾಗ ತಾನೂ ನಡೆದು, ತಾಂಡ ಮುಗಿಸಿದಳು. ಕುರ್ಚಿಯವರೆಗೆ ಬಿಟ್ಟಾಗ ಅವನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ಬಿಟ್ಟಳು. ಆ ರಾತ್ರಿ ಅವನು ನಡುವೆ ಎದ್ದುಹೋಗಲಿಲ್ಲ. ಪದ್ಧತಿಯಂತೆ ಕೊನೆಯಲ್ಲಿ ನುಡಿಸುವ ‘ಲಾ ಕುಂಪಾರ್ಸಿತ’ ಮುಗಿಯುವ ತನಕ ಇದ್ದು, ಕುಣಿತದ ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡು, ಬೆಳಗಿನ ಜಾವದಲ್ಲಿ ನಡೆದೇ ಮನೆ ಸೇರಿದನು. ಮರುದಿನ ತಾಯಿಗೆ ಫೋನು ಮಾಡಿ, ಮಗುವಿಗೆ ಒಂದು ಬೆಳ್ಳಿಯ ಬಟ್ಟಲು ಕೊಂಡುಕೊಡುವಂತೆ ಹೇಳಿದನು.

ಬಟ್ಟಲು ಕೊಂಡ ದಿನವೇ ಆ ತಾಯಿ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತ, ತೀರ ಸಹಜವಾಗಿ, “ಅವನು ಅಲ್ಲಿ ಕುಣಿಯುತ್ತಾನಂತೆ, ನಿಜವೆ? ನಿಮಗೆ ಗೊತ್ತಿರಬೇಕಲ್ಲ” ಎಂದರು. ಗುಟ್ಟು ಹೇಗೆ ತಿಳಿಯಿತೋ! ನಾನು ತಡವರಿಸಿ, “ಕುಣಿತವೆಂದರೆ ಅಂಥದ್ದೇನೂ ಅಲ್ಲ, ಅಮ್ಮ. ಹೆಚ್ಚಾಗಿ ನಡೆಯುವುದನ್ನು ಕಲಿಸುತ್ತಾರೆ” ಎಂದೆ.

“ಅದನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿತ್ತೆ?” ಎಂದು ಅವರು ಲೋಟವನ್ನು ಕೆಳಗಿಟ್ಟರು. “ಹನ್ನೊಂದನೆಯ ತಿಂಗಳಿಗೇ ನಡೆದ ಮಗು ಅದು.”