ಗಲಾಟೆ ಮಾಡದವಳ ಗಮನ

ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಮೊದಲ ವಾರದಲ್ಲೇ ಟೀಚರ್ ಕಣ್ಣಿಗೆ ಬೀಳ್ತಾನೆ. ಕಿಟಕಿ ಪಕ್ಕ ಕೂತು ಎಲ್ಲೋ ಕಳೆದುಹೋಗಿರೋ ಹುಡುಗಿ? ಅವಳು 'ಪಾಪ, ಒಳ್ಳೇ ಹುಡುಗಿ'.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಹೆಚ್ಚಾಗಿ ಗಂಡುಮಕ್ಕಳದ್ದು ಅಂತ ನಮ್ಮ ನಂಬಿಕೆ. ಲೆಕ್ಕವೂ ಹಾಗೇ ಕಾಣುತ್ತೆ: ಮಕ್ಕಳಲ್ಲಿ ಒಬ್ಬ ಹುಡುಗಿಗೆ ಸುಮಾರು ಇಬ್ಬರು ಹುಡುಗರು. ದೊಡ್ಡವರಲ್ಲಿ ಈ ಅಂತರ ಕಡಿಮೆ. ಆದರೆ ಎಡಿಎಚ್‌ಡಿ ಅನ್ನಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಹಾಗಾದರೆ 30ಕ್ಕೆ ಗೊತ್ತಾದ ಹೆಂಗಸರು ಶಾಲೆಯಲ್ಲಿದ್ದಾಗ ಯಾರೂ ನೋಡಲಿಲ್ವಾ? ಎರರ್ ಲಾಗ್ ಬರಲಿಲ್ಲ ಅಂದ್ರೆ ಬಗ್ ಇಲ್ಲ ಅಂತ ನಮ್ಮ ಟೀಮಲ್ಲಿ ಯಾರೂ ನಂಬಲ್ಲ.

ಮಿದುಳಿನ ಕಥೆಯೂ ಇದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸ್ಕ್ಯಾನ್‌ಗಳಿಂದ 2007ರಲ್ಲಿ ಎರಡು ಅಧ್ಯಯನ ಬಂದವು. ಒಂದರ ಪ್ರಕಾರ ಮಿದುಳಿನ ಗಾತ್ರ ಹುಡುಗಿಯರಲ್ಲಿ ಸುಮಾರು 10.5 ವರ್ಷಕ್ಕೆ, ಹುಡುಗರಲ್ಲಿ 14.5ಕ್ಕೆ ತುತ್ತತುದಿ ಮುಟ್ಟುತ್ತೆ. ಇನ್ನೊಂದರಲ್ಲಿ, ಮಿದುಳಿನ ಹೊರಪದರದ ಅರ್ಧಭಾಗ ಗರಿಷ್ಠ ದಪ್ಪ ತಲುಪಿದ್ದು ಉಳಿದ ಮಕ್ಕಳಲ್ಲಿ 7.5 ವರ್ಷಕ್ಕೆ, ಎಡಿಎಚ್‌ಡಿ ಇದ್ದವರಲ್ಲಿ 10.5ಕ್ಕೆ. ಎರಡನ್ನೂ ಕೂಡಿಸಿ 'ಗಂಡುಮಕ್ಕಳ ಮಿದುಳು ನಿಧಾನ, ಅದಕ್ಕೇ' ಅನ್ನೋರು ಬಹಳ. ನನಗೆ ಒಪ್ಪಿಗೆಯಿಲ್ಲ. ಇವೆಲ್ಲ ಗುಂಪಿನ ಸರಾಸರಿ. ಒಂದು ಮಗುವಿನ ಸ್ಕ್ಯಾನ್ ನೋಡಿ ಎಡಿಎಚ್‌ಡಿ ಇದೆ, ಇಲ್ಲ ಅಂತ ಹೇಳೋಕಾಗಲ್ಲ. ಡಾಕ್ಟರು ಕೇಳೋದು ಮನೆಯಲ್ಲಿ ಹೇಗೆ, ಶಾಲೆಯಲ್ಲಿ ಹೇಗೆ ಅಂತ. ಹೇಳಬೇಕಾದವರೇ ಗಮನಿಸದಿದ್ದರೆ?

ಅಕ್ಕನ ಮಗನನ್ನು ಡಾಕ್ಟರಿಗೆ ತೋರಿಸಿ ಅಂತ ಶಾಲೆಯವರೇ ಹೇಳಿದ್ರು. ಅಲ್ಲಿ ಕೊಟ್ಟ ಫಾರಂ ತುಂಬ್ತಾ ಅಕ್ಕ ನನಗೆ ಫೋನ್ ಮಾಡಿದ್ಲು. ವಸ್ತು ಕಳೆದುಕೊಳ್ಳೋದು, ಕರೆದರೂ ಕೇಳಿಸದ ಹಾಗಿರೋದು, ಶುರು ಮಾಡಿದ ಕೆಲಸ ಅರ್ಧಕ್ಕೆ ಬಿಡೋದು. "ಇದೆಲ್ಲ ಇವನಿಗಿಂತ ದೊಡ್ಡವಳಿಗೇ ಸರಿಹೊಂದುತ್ತೆ ಕಣೋ." ದೊಡ್ಡವಳಿಗೆ 11. ಮಾರ್ಕ್ಸ್ ಚೆನ್ನಾಗೇ ಬರುತ್ತೆ. ಅದಕ್ಕೆ ಅಕ್ಕ ರಾತ್ರಿ ಹತ್ತರವರೆಗೆ ಪಕ್ಕದಲ್ಲೇ ಕೂರಬೇಕು, ಅವಳು ಅತ್ತು ಮುಗಿಸಬೇಕು. ಅದು ಮಾರ್ಕ್ಸ್ ಕಾರ್ಡಲ್ಲಿ ಇರಲ್ಲ.

"ಹೆಣ್ಣುಮಗುಗೆ ಯಾಕೆ ಇಲ್ಲದ ಹಣೆಪಟ್ಟಿ?" ಅಂತ ಅಕ್ಕನ ಅತ್ತೆಯ ತಕರಾರು. 'ಮೈಗಳ್ಳಿ' ಅನ್ನೋ ಪಟ್ಟಿ ಆಗಲೇ ಅಂಟಿಸಿಯಾಗಿದೆ, ಅದರ ಬಗ್ಗೆ ಯಾರದ್ದೂ ತಕರಾರಿಲ್ಲ. ಅಕ್ಕ ಅವಳ ಹೆಸರಲ್ಲೂ ಒಂದು ಫಾರಂ ಇಸ್ಕೊಂಡು ಬಂದಿದ್ದಾಳೆ. ಮುಂದಿನ ಶನಿವಾರ ಇಬ್ಬರಿಗೂ ಅಪಾಯಿಂಟ್‌ಮೆಂಟ್.