ಹಿಡಿದು ಬಿಡುವ ಕರುಣೆ

ಅಮೆರಿಕದ ಮಾಂಟಾನಾ ರಾಜ್ಯದಲ್ಲಿ ಯೆಲ್ಲೋಸ್ಟೋನ್ ನದಿಯು ವಸಂತದಲ್ಲಿ ಹಿಮ ಕರಗಿದ ನೀರಿನಿಂದ ಉಬ್ಬತೊಡಗುತ್ತದೆ. ಪ್ರವಾಹವು ಕೆಸರಾಗಿ ಏರುವ ಮುನ್ನಿನ ದಿನಗಳಲ್ಲಿ, ಗರಿ ನೂಲುಗಳಿಂದ ಹುಳುವಿನಂತೆ ಕಟ್ಟಿದ ಗಾಳ ಹಿಡಿದು ವಿನೋದಪ್ರಿಯರು ಕಲ್ಲುಹಾಸಿನ ಆ ನದಿಗಿಳಿಯುತ್ತಾರೆ. ಟ್ರೌಟ್ ಮೀನನ್ನು ಸಿಕ್ಕಿಸಿ, ದಣಿಸಿ, ಭಾವಚಿತ್ರ ತೆಗೆಸಿಕೊಂಡು ಮರಳಿ ನೀರಿಗೆ ಬಿಡುತ್ತಾರೆ. ತಾವು ಕೊಲ್ಲುವುದಿಲ್ಲವೆಂಬುದು ಅವರ ಸಮರ್ಥನೆ. ಇದನ್ನು ಅಹಿಂಸೆಯೆಂದು ಒಪ್ಪಬೇಕೆ?

ಹೊಟ್ಟೆಪಾಡಿಗೆ ಗಾಳ ಹಾಕುವವನಿಗೆ ಹಸಿವಿನ ನೆಪವಾದರೂ ಉಂಟು. ಇಲ್ಲಿ ಜೀವಿಯ ಪ್ರಾಣಭಯವೇ ಆಟದ ಸ್ವಾರಸ್ಯ! ತಿಳಿದೂ ತಿಳಿದೂ ಮಾಡುವ ಇಂಥ ಪೀಡನೆಯೇ ಸಂಕಲ್ಪೀ ಹಿಂಸೆ. ಮೀನಿಗೆ ನೋವಿಲ್ಲವೆಂಬ ಹಳೆಯ ವಾದವೂ ನಿಲ್ಲದು. ರೇನ್‌ಬೋ ಟ್ರೌಟಿನ ತಲೆಯ ಭಾಗದಲ್ಲಿ ಘಾತಕ ಸ್ಪರ್ಶವನ್ನು ಗ್ರಹಿಸುವ ನರತುದಿಗಳಿರುವುದನ್ನು ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು.

ಇದು ಬಿಟ್ಟ ಮೀನಿನ ಮಾತಾಯಿತು. ಕಾಲಡಿಯಲ್ಲಿ ತುಳಿದವುಗಳ ಗತಿಯೇನು? ರೇನ್‌ಬೋ ಟ್ರೌಟ್ ನುರುಜುಗಲ್ಲುಗಳ ನಡುವೆ ಮೊಟ್ಟೆಯಿಡುವುದೂ ಇದೇ ವಸಂತದಲ್ಲಿ. 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದಿನಕ್ಕೆರಡು ಬಾರಿ ಮನುಷ್ಯರು ತುಳಿದ ಕಡೆ ಟ್ರೌಟಿನ ಮೊಟ್ಟೆ ಮರಿಗಳಲ್ಲಿ ಶೇಕಡಾ 83ಕ್ಕೂ ಕಡಿಮೆಯಿಲ್ಲದಷ್ಟು ಸತ್ತವು.

ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡಿನ ಕಾನೂನು ನಿಷೇಧಿಸಿದೆ. ಯೆಲ್ಲೋಸ್ಟೋನ್ ದಂಡೆಯಲ್ಲಿ ಅದೇ ಕೃತ್ಯವು ಸಜ್ಜನಿಕೆಯೆನಿಸಿದೆ.